ಖಸ್ ಅಲ್ಲ, ಖಸ್ ಖಸ್

ಹನುಮಕ್ಕ ತನ್ನ ಅಳಿಯ ಭೈರೇಶನ ಜೊತೆ ಒಂಬತ್ತು ವರ್ಷದಲ್ಲಿ ಒಂದು ಮಾತೂ ಆಡಿರಲಿಲ್ಲ. ಜಗಳವೇನಿಲ್ಲ. ಅತ್ತೆಯಾದವಳು ಅಳಿಯನ ಮುಖ ನೋಡಿ ಮಾತಾಡಬಾರದು ಅನ್ನುವುದು ಅವರ ಮನೆತನದ ರೂಢಿ, ಕುರುಬರಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದ್ದು. ರಾಗಿ ಹೊಲ ಹೋಯಿತು, ಸೈಟುಗಳಾದವು, ಸೈಟಿನ ಮೇಲೆ ಮೂರಂತಸ್ತು ಎದ್ದವು. ರೂಢಿ ಮಾತ್ರ ಬಾಗಿಲ ಸಂದಿಯಲ್ಲಿ ಹಾಗೇ ನಿಂತಿತ್ತು.

"ಊಟಕ್ಕೆ ಏಳೋಕ್ ಹೇಳೇ ಅವ್ರಿಗೆ" ಎಂದು ಹನುಮಕ್ಕ ಅಡುಗೆಮನೆಯಿಂದ ಮಗಳು ಬಿಂದುಶ್ರೀಗೆ ಹೇಳುತ್ತಿದ್ದಳು. ಎರಡು ಮಾರು ದೂರದಲ್ಲಿ ಕೂತ ಭೈರೇಶ, "ಆಮೇಲ್ ತಿಂತೀನಿ ಅಂತ ಹೇಳು ನಿಮ್ಮಮ್ಮಂಗೆ" ಎನ್ನುತ್ತಿದ್ದ. ಇಬ್ಬರಿಗೂ ಕಿವಿ ಚೆನ್ನಾಗಿಯೇ ಇತ್ತು. ಆದರೂ ಬಿಂದುಶ್ರೀ ಆ ಕಡೆಯ ಮಾತನ್ನು ಈ ಕಡೆ ದಾಟಿಸಿ ದಾಟಿಸಿ ಸಾಕಾಗಿದ್ದಳು.

ಅಂಥ ಮನೆಯವರು ಹಡಗು ಹತ್ತಲು ಹೊರಟರು. ವಿಮಾನದಲ್ಲಿ ಸಿಂಗಪುರ, ಅಲ್ಲಿಂದ ಮೂರು ದಿನ ಸಮುದ್ರದ ಮೇಲೆ ಸುತ್ತಾಟ. ಭೈರೇಶ, ಬಿಂದುಶ್ರೀ, ಎಂಟು ವರ್ಷದ ಮಗಳು ಧನ್ಯಶ್ರೀ. ಪೆಟ್ಟಿಗೆ ಕಟ್ಟಲು ಒತ್ತಾಸೆಯಾಗಲಿ, ಆಮೇಲೆ ಮನೆ ಕಾಯಲಿ ಎಂದು ಹನುಮಕ್ಕನನ್ನು ಕುರುಬರಹಳ್ಳಿಯಿಂದ ನಂದಿನಿ ಲೇಔಟಿನ ತಮ್ಮ ಮನೆಗೆ ಕರೆಸಿಕೊಂಡಿದ್ದರು. ಬಂದಾಗಿನಿಂದ ಅವಳಿಗೆ ಸಮುದ್ರದ್ದೇ ಚಿಂತೆ. ಕೆರೆಯ ನೀರಿಗಾದರೂ ಒಂದು ದಡ ಅಂತಿರುತ್ತದೆ. ಸುತ್ತ ಎಲ್ಲಿ ನೋಡಿದರೂ ನೀರೇ ಅಂದರೆ, ಕೂಗಿದರೆ ಕೇಳುವವರು ಯಾರು?

ಹೊರಡುವ ಹಿಂದಿನ ದಿನ ಬೆಳಿಗ್ಗೆ ಹಾಲ್‌ನಲ್ಲಿ ಮೂರು ಪೆಟ್ಟಿಗೆ ಬಾಯಿ ತೆರೆದು ಬಿದ್ದಿದ್ದವು. ಟೂರಿನ ಮುರಳೀಕೃಷ್ಣ ವಾಟ್ಸಾಪಿನಲ್ಲಿ ಕಳಿಸಿದ್ದ ಪಟ್ಟಿಯನ್ನು ಭೈರೇಶ ಹಾಜರಿ ಕೂಗುವ ಮೇಷ್ಟರ ಹಾಗೆ ಓದುತ್ತಿದ್ದ. ವಾಂತಿ ಮಾತ್ರೆ. ಒಂದು ಸ್ವೆಟರ್, ಹಡಗಿನ ಒಳಗೆಲ್ಲ ಎಸಿ. ಈಜುಡುಗೆ. ಪಾಸ್‌ಪೋರ್ಟಿನ ಜೆರಾಕ್ಸ್ ಬೇರೆ ಬೇರೆ ಕಡೆ. ಬಂದರಿನಲ್ಲಿ ದೊಡ್ಡ ಪೆಟ್ಟಿಗೆ ಇಸಿದುಕೊಂಡರೆ ರೂಮಿಗೆ ಬರುವುದು ಸಂಜೆಗೆ. ಆದ್ದರಿಂದ ಒಬ್ಬೊಬ್ಬರದೂ ಒಂದೊಂದು ಜೊತೆ ಬಟ್ಟೆ, ಮಾತ್ರೆ, ಕೈಚೀಲದಲ್ಲೇ ಇರಬೇಕು.

"ಈಗ ತಗೊಂಡ್ ಹೋಗ್ಬಾರ್ದು ಅನ್ನೋದು ಕೇಳು. ಇಸ್ತ್ರಿ ಪೆಟ್ಟಿಗೆ. ಚೂಯಿಂಗ್ ಗಮ್. ಆಮೇಲೆ ಖಸ್ ಖಸ್. ಅದರ ಪಕ್ಕದಲ್ಲಿ ಕೆಂಪು ಗುರುತು ಬೇರೆ. ಸಿಕ್ಕಿದ್ರೆ ಜೈಲಂತೆ."

"ಖಸ್ ಖಸ್ ಅಂದ್ರೇನ್ರೀ?" ಎಂದಳು ಬಿಂದುಶ್ರೀ.

"ಕೂಲರ್ ಮಾರೋನ್ ಹೆಂಡ್ತಿ ಕೇಳೋ ಪ್ರಶ್ನೇನಾ ಇದು?" ಭೈರೇಶ ನಕ್ಕ. ರಾಜಾಜಿನಗರದಲ್ಲಿ ಅವನದು ಎಲೆಕ್ಟ್ರಿಕಲ್ ಅಂಗಡಿ. ಬೇಸಿಗೆ ಬಂದರೆ ಏರ್ ಕೂಲರಿನದೇ ವ್ಯಾಪಾರ. "ಖಸ್ ಅಂದ್ರೆ ಲಾವಂಚ ಕಣೇ. ಕೂಲರ್ ಪಕ್ಕಕ್ಕೆ ತುಂಬ್ತೀವಲ್ಲ ಆ ಬೇರು. ಅವ್ರ್ ದೇಶಕ್ಕೆ ಹುಳ ಗಿಳ ಬರುತ್ತೆ ಅಂತ ಭಯ ಇರ್ಬೇಕು."

ಹೇಳುತ್ತಲೇ ಅವನು ಬಿಂದುಶ್ರೀಯ ಸೀರೆ ಮಡಿಕೆಯೊಳಗೆ ಕೈ ಹಾಕಿ ಲಾವಂಚದ ಒಂದು ಪುಟ್ಟ ಕಟ್ಟನ್ನು ಎಳೆದ. "ನೋಡು, ಇಲ್ಲೇ ಐತೆ! ಬಟ್ಟೆ ಘಮ್ ಅನ್ಲಿ ಅಂತ ಇಟ್ಟಿದಾರೆ. ನಿಮ್ಮಮ್ಮಂಗೆ ಹೇಳು, ನಮ್ಮನ್ನ ಕಂಬಿ ಎಣಿಸೋಕೆ ಕಳಿಸ್ತಿದಾರೆ ಅಂತ."

ಬಾಗಿಲ ಹಿಂದೆ ನಿಂತಿದ್ದ ಹನುಮಕ್ಕ ಅದನ್ನು ಕೇಳಿಸಿಕೊಂಡಳು. ಬೇರಿನ ತುಂಡಿಗೂ ಜೈಲೇ? ಭೈರೇಶ ಅಷ್ಟಕ್ಕೇ ಬಿಡಲಿಲ್ಲ. ಕೊಬ್ಬರಿ ಮಿಠಾಯಿ ಹೊರಗೆ ಬಂತು. ಮಂತ್ರಿಸಿದ ನಿಂಬೆಹಣ್ಣು ಹೊರಗೆ ಬಂತು. "ಇನ್ನೊಂದು ಸಾಮಾನು ಇದರೊಳಗೆ ಹೋದ್ರೆ ನಾನು ಸುಮ್ನಿರಲ್ಲ ಅಂತ ಹೇಳು" ಎಂದು ಸ್ಕೂಟರ್ ಹತ್ತಿ ಅಂಗಡಿಗೆ ಹೋದ.

ಅವನ ಸ್ಕೂಟರಿನ ಸದ್ದು ತಿರುವು ದಾಟಿತೋ ಇಲ್ಲವೋ, ಹನುಮಕ್ಕ ಪೆಟ್ಟಿಗೆಗಳ ಮುಂದೆ ಕೂತಳು. ಲಾವಂಚ ಮುಟ್ಟಲಿಲ್ಲ, ಜೈಲು ಅಂದಮೇಲೆ ಮುಟ್ಟುವುದುಂಟೇ? ಉಳಿದದ್ದನ್ನೆಲ್ಲ ಬಟ್ಟೆಯ ತಳಕ್ಕೆ ಮತ್ತೆ ಸೇರಿಸಿದಳು. ಮಗು ಧನ್ಯಾಳ ಗುಲಾಬಿ ಬಣ್ಣದ ಪುಟ್ಟ ಪೆಟ್ಟಿಗೆಯ ಹತ್ತಿರ ಬಂದಾಗ ಅವಳಿಗೆ ಬೇರೆ ಚಿಂತೆ ಹತ್ತಿತು. ಆ ಮಗುವಿಗೆ ಹೊಸ ಜಾಗದಲ್ಲಿ ನಿದ್ದೆ ಹತ್ತುವುದಿಲ್ಲ. ಅಜ್ಜಿ ಕೊಡುವ ಗಸಗಸೆ ಹಾಲು ಕುಡಿದರೆ ಮಾತ್ರ ಕಣ್ಣು ಮುಚ್ಚುತ್ತದೆ. ಹಡಗಿನಲ್ಲಿ ಒರಳು ಎಲ್ಲಿ ಬರಬೇಕು? ಹನುಮಕ್ಕ ಗಸಗಸೆಯನ್ನು ಬೆಚ್ಚಗೆ ಹುರಿದಳು, ಸಕ್ಕರೆ ಏಲಕ್ಕಿ ಸೇರಿಸಿ ಬೆಳ್ಳಗೆ ನುಣ್ಣಗೆ ಪುಡಿ ಮಾಡಿದಳು, ಸ್ಟೀಲ್ ಡಬ್ಬಿಗೆ ತುಂಬಿ, ಡಬ್ಬಿಯನ್ನು ಮಗುವಿನ ಕಾಲುಚೀಲದೊಳಗೆ ಇಳಿಸಿ, ಫ್ರಾಕುಗಳ ನಡುವೆ ಬಚ್ಚಿಟ್ಟಳು. ಸಿಂಗಪುರ ಮುಟ್ಟಿದ ಮೇಲೆ ಫೋನಿನಲ್ಲಿ ಬಿಂದುಗೆ ಹೇಳಿದರಾಯಿತು. ಈಗಲೇ ಹೇಳಿದರೆ ಆ ಮಾತು ಗಂಡನ ಕಿವಿಗೆ ಬೀಳುತ್ತದೆ.

ಮಾರನೆಯ ದಿನ ಹನ್ನೊಂದಕ್ಕೆ ಕಾರು ಬಂತು. ಧನ್ಯಾ ಕಿಟಕಿಯಿಂದ ಕೈ ಬೀಸಿದಳು. ಹನುಮಕ್ಕ ಗೇಟು ಹಾಕಿ ಸ್ವಲ್ಪ ಹೊತ್ತು ಅಡ್ಡಾಗಿ, ಒಂದು ಗಂಟೆಗೆ ಹಾಲು ತರಲು ಮೂಲೆಯ ಸೋಮಲಿಂಗಪ್ಪನ ದಿನಸಿ ಅಂಗಡಿಗೆ ಹೋದಳು.

"ಏನ್ ಹನುಮಕ್ಕ, ಹಡಗ್ ಹತ್ತಿಸ್ಬುಟ್ರಾ ಎಲ್ಲಾರ್ನೂ?" ಸೋಮಲಿಂಗಪ್ಪ ಕೂಲರಿನ ಗಾಳಿಗೆ ಬೆನ್ನು ಕೊಟ್ಟು ಕೂತಿದ್ದ.

"ಇನ್ನೂ ವಿಮಾನಾನೇ ಹತ್ತಿಲ್ಲ ಕಣಪ್ಪ. ಮೂರೂವರೆಗಂತೆ. ಏನ್ ಕಾಯಿದೆನೋ ಏನೋ ಆ ದೇಶದ್ದು! ಲಾವಂಚದ್ ಬೇರು ತಗೊಂಡ್ ಹೋದ್ರೂ ಜೈಲಂತೆ."

"ಲಾವಂಚಕ್ಕಾ? ಯಾರ್ ಹೇಳಿದ್ದು?"

"ಪಟ್ಟಿಯಾಗೇ ಬರ್ದೈತಂತೆ. ಖಸ್ ಖಸ್ ಅಂತ."

ಸೋಮಲಿಂಗಪ್ಪ ಹೊಟ್ಟೆ ಕುಣಿಸಿ ನಕ್ಕ. ಹಿಂದಿದ್ದ ಕೂಲರಿನ ಒದ್ದೆ ಬೇರಿಗೆ ಕೈ ತಟ್ಟಿ, "ಇದು ಖಸ್ ಕಣಕ್ಕ. ಒಂದ್ ಸಲ ಅಂದ್ರೆ ಲಾವಂಚ. ಎರಡ್ ಸಲ ಅಂದ್ರೆ ಬೇರೆ" ಎಂದು ಎದ್ದು, ಮಸಾಲೆ ಸಾಲಿನಿಂದ ಒಂದು ಪೊಟ್ಟಣ ತೆಗೆದು ಗಲ್ಲಾಪೆಟ್ಟಿಗೆಯ ಮೇಲೆ ಹಾಕಿದ. "ನಮ್ಗೆ ಮಾಲು ಬರೋದೇ ಈ ಹೆಸರಲ್ಲಿ, ನೋಡಿ ಚೀಟಿ. ಖಸ್ ಖಸ್ ಅಂದ್ರೆ ಗಸಗಸೆ. ಅಫೀಮ್ ಗಿಡದ ಬೀಜ ಅಲ್ವಾ? ನಮ್ಗೆ ಪಾಯಸ, ಅವ್ರಿಗೆ ಅಮಲು."

ಹನುಮಕ್ಕನ ಕೈಯಿಂದ ಹಾಲಿನ ಪ್ಯಾಕೆಟ್ಟು ಜಾರಿ ಬಿದ್ದು ಒಡೆಯಿತು.

"ಯಾಕಕ್ಕಾ? ಕೂತ್ಕಳಿ, ಕೂತ್ಕಳಿ."

ಅವಳು ಅಕ್ಕಿ ಮೂಟೆಯ ಮೇಲೆ ಕುಸಿದಳು. ಬಿಳಿ ಪುಡಿ. ಸ್ಟೀಲ್ ಡಬ್ಬಿ. ಕಾಲುಚೀಲದೊಳಗೆ ಬಚ್ಚಿಟ್ಟದ್ದು. ಕಳ್ಳರು ಇಡುವುದೂ ಹೀಗೆಯೇ ಅಲ್ಲವೇ? ಯಾರಾದರೂ ಪೊಲೀಸಿನವನು ಆ ಗುಲಾಬಿ ಪೆಟ್ಟಿಗೆ ಎತ್ತಿ ಹಿಡಿದು ಇದು ಯಾರದು ಎಂದರೆ, ಆ ಮಗು ಹಿಂದೆ ಮುಂದೆ ನೋಡದೆ "ನಂದು" ಎನ್ನುತ್ತದೆ. ಸುಳ್ಳು ಹೇಳಬಾರದು ಎಂದು ಅದಕ್ಕೆ ಕಲಿಸಿದವಳು ಇವಳೇ.

ತನ್ನ ಫೋನಿನ ಎರಡನೇ ಗುಂಡಿ ಒತ್ತಿದಳು. ಅದು ಬಿಂದುಶ್ರೀಯ ನಂಬರು. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ. ಮತ್ತೊಮ್ಮೆ. ಯಾರೂ ಎತ್ತಲಿಲ್ಲ. ಅಂಗಡಿ ಗಡಿಯಾರ ಒಂದೂ ಇಪ್ಪತ್ತು ತೋರಿಸುತ್ತಿತ್ತು.

"ಅಳಿಯಂಗೆ ಮಾಡಿ ಮತ್ತೆ."

"ಅವ್ರ್ ನಂಬರ್ ನನ್ ತಾವ ಇಲ್ಲ."

"ಅಳಿಯನ್ ನಂಬರ್ ಇಲ್ವಾ!" ಸೋಮಲಿಂಗಪ್ಪ ಅವಳ ಮುಖ ನೋಡಿ ಮುಂದೆ ಕೇಳಲಿಲ್ಲ. ಕೂಲರ್ ಮಾರಿದವನು ಭೈರೇಶನೇ. ಅದರ ಪಕ್ಕದಲ್ಲಿ ಅಂಗಡಿಯ ಸ್ಟಿಕ್ಕರ್ ಅಂಟಿತ್ತು, ನಂಬರಿನ ಸಮೇತ.

ನಂಬರು ಕಣ್ಣ ಮುಂದಿತ್ತು. ಹನುಮಕ್ಕನ ಬೆರಳು ಏಳಲಿಲ್ಲ. ಹೇಳಿದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತು. ಇನ್ನು ಈ ಹೊಸಲು ತುಳಿಯಬೇಡಿ ಎಂದುಬಿಡುತ್ತಾನೆ; ಮೊಮ್ಮಗುವನ್ನು ಹಬ್ಬಕ್ಕೂ ಕಳಿಸುವುದಿಲ್ಲ. ಹೇಳದಿದ್ದರೆ? ಅಷ್ಟು ದೊಡ್ಡ ಊರಲ್ಲಿ ಒಂದು ಹಿಡಿ ಪುಡಿಯನ್ನು ಹುಡುಕುವವರು ಯಾರು? ಸುಮ್ಮನಿದ್ದುಬಿಡಲೇ? ಹಾಗಂದುಕೊಂಡ ತಕ್ಷಣ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ನೀವೇ ಹೇಳ್ಬಿಡಿ ಸೋಮಲಿಂಗಪ್ಪ. ನಿಮ್ಗೆ ಕೈ ಮುಗೀತೀನಿ."

ಸೋಮಲಿಂಗಪ್ಪ ತನ್ನ ಫೋನಿನಿಂದ ಮಾಡಿ, ಅವಳಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ.

"ಭೈರೇಶಣ್ಣ, ನಾನು ದಿನಸಿ ಅಂಗಡಿ..."

"ಸೋಮಲಿಂಗಪ್ಪನೋರೆ, ಏರ್‌ಪೋರ್ಟ್ ಕೌಂಟರಲ್ಲಿ ನಿಂತಿದೀನಿ. ಕೂಲರ್ ಏನೇ ಆಗಿದ್ರೂ ಮುಂದಿನ್ ವಾರ ರಿಪೇರಿ." ಕಟ್.

ಮತ್ತೆ ಮಾಡಿದ. ಇಷ್ಟು ಹೊತ್ತಿಗೆ ಹನುಮಕ್ಕ ಎದ್ದು ನಿಂತಿದ್ದಳು. ಸೋಮಲಿಂಗಪ್ಪನ ಕೈಯಿಂದ ಫೋನು ಕಿತ್ತುಕೊಂಡಳು.

"ಹೇಳಿದ್ನಲ್ರೀ, ಮುಂದಿನ್ ವಾರ..."

"ಇಡ್ಬೇಡಿ!"

"ಯಾರದು?"

"ನಾನು. ಬಿಂದು ಅಮ್ಮ."

"...ಅತ್ತೆ?"

"ಮಗೀನ್ ಪೆಟ್ಟಿಗೇಲಿ ಗಸಗಸೆ ಪುಡಿ ಐತೆ. ನಾನೇ ಇಟ್ಟಿದ್ದು. ಕಾಲ್‌ಚೀಲದೊಳಗೆ."

"ಗಸಗಸೆ ಇದ್ರೆ ಏನೀಗ ಅತ್ತೆ? ಅದನ್ನ ಹೇಳೋಕಾ..."

"ಅದೇ ಖಸ್ ಖಸ್ ಕಣಪ್ಪಾ! ಲಾವಂಚ ಅಲ್ಲ! ಅದೇ!"

ಭೈರೇಶ ಉಸಿರೆಳೆದುಕೊಂಡದ್ದು ನಂದಿನಿ ಲೇಔಟಿಗೆ ಕೇಳಿಸಿತು. ಆಮೇಲೆ ಅವನ ಕೂಗು, ಫೋನಿಗಲ್ಲ. "ಮೇಡಂ, ಆ ಪಿಂಕ್ ಟ್ರಾಲಿ! ನಿಲ್ಸಿ! ಬೆಲ್ಟ್ ನಿಲ್ಸಿ ಮೇಡಂ!" ಏನೋ ದಢ್ ಎಂದು ಬಿತ್ತು. "ಅಪ್ಪಾ, ಅದು ನಂದು" ಎಂದು ಧನ್ಯಾ ಅಳತೊಡಗಿದಳು. ಯಾರೋ ಗಂಡಸು ಹಿಂದಿಯಲ್ಲಿ ಗದರುತ್ತಿದ್ದ. ಲೈನು ಕಡಿಯಿತು.

ಆಮೇಲಿನ ಇಪ್ಪತ್ತೈದು ನಿಮಿಷ ಹನುಮಕ್ಕ ಸೋಮಲಿಂಗಪ್ಪನ ಫೋನನ್ನು ಎರಡು ಕೈಯಲ್ಲಿ ಹಿಡಿದು ಮೂಟೆಯ ಮೇಲೆ ಕೂತೇ ಇದ್ದಳು. ಯಾರೋ ಬಂದು ಸೋಪು ಕೇಳಿದರು, ಯಾರೋ ಮೊಟ್ಟೆ ಕೇಳಿದರು. ಚೆಲ್ಲಿದ ಹಾಲು ಹರಿದು ಅವಳ ಚಪ್ಪಲಿಯ ಕೆಳಗೆ ಅಂಟಂಟಾಯಿತು. ಆ ಗದರಿದ ಗಂಡಸು ಪೊಲೀಸಿನವನೇ ಇರಬೇಕು. ನಾನು ಕೂಗಿದ್ದರಿಂದಲೇ ಅವನ ಕಣ್ಣು ಆ ಪೆಟ್ಟಿಗೆಯ ಮೇಲೆ ಬಿದ್ದಿರಬೇಕು. ಹೇಳದೆ ಇದ್ದಿದ್ದರೆ? ತಿರುಗಿ ತಿರುಗಿ ಅದೇ ಯೋಚನೆ, ಗಾಣದ ಎತ್ತಿನ ಹಾಗೆ.

ಫೋನು ಬಡಿದುಕೊಂಡಿತು. ಬಿಂದು ಇರಬಹುದು ಎಂದು ಎತ್ತಿದಳು.

"ಅತ್ತೆ, ನಾನೇ."

"ಮಗು ಎಲ್ಲೈತೆ?"

"ಇಲ್ಲೇ ನನ್ ಪಕ್ಕದಲ್ಲೈತೆ. ಏನೂ ಆಗಿಲ್ಲ. ಡಬ್ಬಿ ಮುಚ್ಚಳ ಬಿಚ್ಚೋಗಿತ್ತು, ಪುಡಿ ಎಲ್ಲಾ ಫ್ರಾಕ್‌ಗೆ ಮೆತ್ತಿದೆ. ಒದರಿದ್ರೂ ಹೋಗ್ತಿಲ್ಲ. ಪೆಟ್ಟಿಗೇನೇ ಬೇಡ ಅಂತ ಗೇಟ್ ಹತ್ರ ಹೋಗಿ, ಇನ್ನೂ ಪಾರ್ಕಿಂಗಲ್ಲೇ ಇದ್ದ ಕಾರ್ ಡ್ರೈವರ್‌ನ ಕರೆಸಿ ಅವ್ನ ಕೈಗೆ ಕೊಟ್ಟೆ, ಮನೆಗೆ ತಂದ್ಕೊಡ್ತಾನೆ. ಕೈಚೀಲದಲ್ಲಿ ಒಂದ್ ಜೊತೆ ಬಟ್ಟೆ ಐತಲ್ಲ, ಸಾಕು."

ಭೈರೇಶನ ದನಿ ಎಂದಿನಂತಿರಲಿಲ್ಲ. ಅವನೇ ಅಂದ, "ಪಟ್ಟಿ ಓದಿ ಅರ್ಥ ಹೇಳಿದೋನು ನಾನು. ಕೂಲರ್ ಮಾರೋನ್ ಬುದ್ಧಿ."

ಹನುಮಕ್ಕ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ದೊಡ್ ಪೆಟ್ಟಿಗೆಗಳ್ನ ಇನ್ನೂ ಕೊಟ್ಟಿಲ್ಲ ಅತ್ತೆ. ಬೈಯಲ್ಲ, ಆಣೆ. ಇನ್ನೇನೇನ್ ಇಟ್ಟಿದೀರ, ಎಲ್ಲಾ ಹೇಳ್ಬಿಡಿ."

ಹನುಮಕ್ಕ ಕಣ್ಣು ಮುಚ್ಚಿಕೊಂಡು, ಶಾಲೆಯಲ್ಲಿ ಮಗ್ಗಿ ಒಪ್ಪಿಸುವವಳ ಹಾಗೆ ಒಪ್ಪಿಸಿದಳು. "ನೀಲಿ ಪೆಟ್ಟಿಗೆ ತಳದಾಗೆ ಕೊಬ್ಬರಿ ಮಿಠಾಯಿ. ಬಿಂದು ರವಿಕೆ ಒಳಗೆ ನಮ್ ದ್ಯಾವರ ಕುಂಕುಮದ ಪೊಟ್ಟಣ. ನಿಮ್ ಪಂಚೆ ಮಡಿಕೇಲಿ ಶುಂಠಿ ಬೆಲ್ಲ, ವಾಂತಿ ಬಂದ್ರೆ ಅಂತ. ಆಮೇಲೆ..."

"ಆಮೇಲೆ?"

"ನಿಮ್ ಕರೀ ಬೂಟಿದೆಯಲ್ಲ. ಬಲಗಾಲಿಂದು. ಅದರೊಳಗೆ ನಿಂಬೆಹಣ್ಣು. ನೀರಿನ್ ಮೇಲ್ ಹೋಗ್ತೀರಲ್ಲ, ಅದಕ್ಕೆ."

ಆ ಕಡೆ ಜಿಪ್ಪು ಎಳೆಯುವ ಸದ್ದು. ಬಟ್ಟೆ ಸರಿಸುವ ಸದ್ದು. ಬಿಂದುಶ್ರೀಯ ದನಿ ದೂರದಿಂದ ಕೇಳಿತು: "ಮಿಠಾಯಿ ಸಿಕ್ತು, ಕುಂಕುಮ ಸಿಕ್ತು. ಅಯ್ಯೋ ಅಮ್ಮಾ! ಬೂಟಲ್ಲಿ ನಿಜವಾಗ್ಲೂ ಐತೆ ಕಣ್ರೀ. ಈ ನಿಂಬೆಹಣ್ಣು ಬಿಸಾಕ್ಲಾ?"

ಹನುಮಕ್ಕ ಅಳಿಯನ ಬೈಗುಳಕ್ಕೆ ಕಾದಳು. ಮೂರು ದಿನದ ಸಮುದ್ರದ ಭಯ ಭೈರೇಶನಿಗೂ ಅವಳಿಗೂ ಇನ್ನೂ ಮುಂದೆಯೇ ಇತ್ತು.

"ಬ್ಯಾಡ" ಎಂದ ಅವನು. "ಅದಿರ್ಲಿ."