ಒಂದು ಮೊಳ ಸರಿದ ಗೋಡೆ

ಗದ್ದೆಪ್ಪ ಅಣ್ಣನ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ದಾರವನ್ನು ಬಿಗಿಯಾಗಿ ಎಳೆದು ಗಂಟು ಹಾಕಿದ. ಅವರ ಮನೆತನದಲ್ಲಿ ಹೂಳುವ ಕುಣಿಯ ಅಳತೆ ಟೇಪಿನಿಂದಲ್ಲ, ಸತ್ತವನ ಪಾದದಿಂದಲೇ. ಬದುಕಿಡೀ ರಾಯಚೂರಿನಲ್ಲಿ ಮನೆಗಳ ನಕ್ಷೆ ಬರೆದ ಬೂದೆಪ್ಪ ಈಗ ಗಬ್ಬೂರಿನ ಮನೆಯಂಗಳದಲ್ಲಿ, ಗೋಡೆಗೆ ಒರಗಿಸಿದಂತೆ, ಹಣೆ ತುಂಬ ವಿಭೂತಿ ಧರಿಸಿ ಕುಳಿತಿದ್ದ.

"ಒಂಬತ್ತು ಪಾದ ಉದ್ದ. ಒಂದು ನೂಲು ಹೆಚ್ಚು ಕಡಿಮಿ ಆದ್ರ ನಮ್ಮಣ್ಣ ಎದ್ದು ಬಂದು ಬೈತಾನ," ಎಂದು ಗದ್ದೆಪ್ಪ ದಾರವನ್ನು ಕುಣಿ ತೋಡುವವರ ಕೈಗಿಟ್ಟ.

"ನೂಲೇನು, ನಾವು ಮೊಳಾನೇ ತಪ್ಪಿಸೀವಿ. ಎದ್ದು ಬರಲಿಲ್ಲಲ್ಲ," ಎಂದ ಮೇಸ್ತ್ರಿ ಮೀರಾಹುಸೇನ. ಮಾತು ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಹೆಣದ ಮಗ್ಗುಲಲ್ಲಿದ್ದ ಚಂದ್ರಕಲಾ ತಲೆಯೆತ್ತಿದಳು. ಆರು ವರ್ಷಗಳಿಂದ ಅಪ್ಪನ ಎದುರು ಮೇಜಿನಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಮನೆ ಕಟ್ಟಿದ ಮಗಳು ಅವಳು.

"ಯಾವ ಮೊಳ, ಮಾಮಾ?"

"ಈಗ್ಯಾಕ ಬಿಡವಾ."

"ಯಾವ ಮನಿ ಅಂತ ಹೇಳು."

"ಮಾನ್ವಿದು. ಬೇಗಂ ಅವರದು. ನಕ್ಷಿಯಾಗಿನ ಅಗಲಕ್ಕ ಆಯ ಕೆಟ್ಟದು ಬಂತು. ಮೂಡಲ ಗ್ವಾಡಿ ಒಂದು ಮೊಳ ಹೊರಗ ಸರಿಸಿದೆ. ಶುಭದ ಗಜಾಯ ಕೂಡ್ತು."

ಉದ್ದಗಲಗಳನ್ನು ಗುಣಿಸಿ ಭಾಗಿಸಿ ಮನೆಯ ಶುಭಾಶುಭ ನೋಡುವ ಆ ಲೆಕ್ಕ ಮೇಸ್ತ್ರಿಗಳಿಗೆ ತಲೆತಲಾಂತರದಿಂದ ಬಂದದ್ದು. ಮೂರು ತಿಂಗಳು ಹಾಸಿಗೆ ಹಿಡಿದಿದ್ದ ಬೂದೆಪ್ಪನಿಗೆ ಗೋಡೆ ಸರಿಸಿದ್ದನ್ನು ಯಾರೂ ತಿಳಿಸಿರಲಿಲ್ಲ.

ಹೆಂಗಸರ ನಡುವೆ ಕುಳಿತಿದ್ದ ಆ ಮನೆಯ ಒಡತಿ ಅನ್ವರಿ ಬೇಗಂ ಸೆರಗು ಸರಿಸಿ ನೋಡಿದರು. "ನನಗ್ಯಾಕ ಆಯ, ಮೇಸ್ತ್ರಿ? ನಾ ಕೇಳಿದ್ನೇನು?"

"ಆಯ ನಿಮಗಲ್ರೀ, ಮನಿಗೆ."

ಯಾರೋ ನಕ್ಕು, ಬಾಯಿ ಮುಚ್ಚಿಕೊಂಡರು. ಚಂದ್ರಕಲಾ ನಗಲಿಲ್ಲ. "ಸ್ಲ್ಯಾಬ್ ಯಾವಾಗ?"

"ಇವತ್ತೇ. ಹನ್ನೆರಡಕ್ಕ ಕಾಂಕ್ರೀಟ್. 'ನಾ ಸತ್ರೂ ಸ್ಲ್ಯಾಬ್ ನಿಲ್ಲಿಸಬ್ಯಾಡ್ರಿ' ಅಂತ ನಿಮ್ಮಪ್ಪನೇ ಹೇಳಿದ್ದ."

ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಅವಳು ಒಳಗೋಡಿ ಅಪ್ಪನ ಲ್ಯಾಪ್‌ಟಾಪ್ ತಂದು ಅಂಗಳದಲ್ಲೇ ತೆರೆದಳು.

"ಹೆಣದ ಮುಂದ ಇದೇನು ಬೇ!" ಗದ್ದೆಪ್ಪ ಗದರಿದ.

ಚಂದ್ರಕಲಾಳ ತಾಯಿ ಕರೆಮ್ಮ ಆಗ ಮಾತಾಡಿದಳು. "ತೆಗೀಲಿ ಬಿಡು. ಅವರ ಮುಂದ ಅದು ಮುಚ್ಚಿದ್ದು ನಾ ಒಂದು ದಿನಾನೂ ನೋಡಿಲ್ಲ."

*

ಬೂದೆಪ್ಪ ಕಂಪ್ಯೂಟರ್ ಕಲಿತದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಮಗಳ ವಾರಿಗೆಯವರ ನಡುವೆ ಬೆಂಚಿನ ಮೇಲೆ ಕುಳಿತು. ಮೊದಲ ವರ್ಷ ಬರೀ ಗೆರೆಗಳು. ಮರುವರ್ಷ ಗೆರೆಗಳೇ ಗೋಡೆಗಳಾಗಿ ಎದ್ದು ನಿಲ್ಲುವ ಮಾಡೆಲ್. ಮೊದಲ ಮನೆ ಎದ್ದುನಿಂತ ಮಧ್ಯಾಹ್ನ ಅವನು ಎದುರಿನ ಚಹಾದಂಗಡಿಯ ಬಡೇಬೀಯನ್ನು ಕೂಗಿ ಕರೆದು, ಪರದೆಯೊಳಗಿನ ಬಾಗಿಲು ದಾಟಿಸಿ, ಪಡಸಾಲೆ ತೋರಿಸಿ, ಅಡುಗೆಮನೆಗೆ ಕರೆದೊಯ್ದ.

ಬಡೇಬೀ ಸೊಂಟಕ್ಕೆ ಕೈಯಿಟ್ಟು ನೋಡಿದಳು. "ಒಲಿ ಕಿಟಕಿ ಬುಡಕ್ಕ ಇಟ್ಟೀಯಲ್ಲೋ ಬೂದೆಪ್ಪಣ್ಣ! ಗಾಳಿಗೆ ಆರಿ ಹೋಗ್ತದ. ನೀ ಎಂದಾರ ಅಡಗಿ ಮಾಡೀಯೇನು?"

ಬೂದೆಪ್ಪ ಕುರ್ಚಿಯಿಂದ ಜಿಗಿದೆದ್ದ. "ಕೇಳಿದೇನು ಚಂದ್ರಾ! ಇಷ್ಟು ವರ್ಷ ನನ್ನ ಕಾಗದ ನೋಡಿ ಎಲ್ಲಾರೂ ಹೂಂ ಅಂದ್ರು. ಒಬ್ಬರಿಗೂ ತಿಳಿದಿದ್ದಿಲ್ಲ. ಇವತ್ತು ಮೊದಲನೇ ಸಲ ಒಬ್ಬಾಕಿ ನನ್ನ ಕೂಡ ಜಗಳಾ ತಗದಾಳ!"

ಒಲೆಯನ್ನು ಆಗಲೇ ಎಳೆದು ಎದುರು ಮೂಲೆಗಿಟ್ಟ. ಒಂದು ಇಟ್ಟಿಗೆಯನ್ನೂ ಒಡೆಯಬೇಕಾಗಲಿಲ್ಲ. ಆ ಸಂಜೆ ಇಡೀ ಓಣಿಗೆ ಮಿರ್ಚಿ ಹಂಚಿದ.

*

ಚಂದ್ರಕಲಾ ಪರದೆಯ ಮೇಲೆ ಮೂಡಲ ಗೋಡೆಯನ್ನು ಒಂದು ಮೊಳ ಹೊರಗೆಳೆದಳು. ಅದಕ್ಕೆ ಅಂಟಿದ್ದ ಮೆಟ್ಟಿಲುಗಳೂ ಜೊತೆಗೆ ಸರಿದವು. ಆದರೆ ಮೆಟ್ಟಿಲೇರಿ ಮೇಲೆ ಹೋಗಲು ಸ್ಲ್ಯಾಬಿನಲ್ಲಿ ಬಿಟ್ಟ ಕಿಂಡಿ ಪಡುವಣ ಗೋಡೆಯಿಂದ ಅಳೆದದ್ದು. ಅದು ಇದ್ದಲ್ಲಿಯೇ ಉಳಿಯಿತು.

"ಬರ್ರಿ, ಏರೋಣು," ಎಂದಳು. ನೋಟ ಮೇಲೇರಿದಂತೆ ಪರದೆಯಲ್ಲಿ ಮೆಟ್ಟಿಲುಗಳು ಒಂದೊಂದಾಗಿ ಕೆಳಗಿಳಿಯತೊಡಗಿದವು. ಅಂಗಳದ ಜನ ಒಬ್ಬರ ಹೆಗಲ ಮೇಲೊಬ್ಬರು ಬಾಗಿದರು. ಏಳನೆಯ ಮೆಟ್ಟಿಲಿಗೆ ಕಿಂಡಿಯ ಅಂಚಿನ ತೊಲೆ ನೇರ ಕಣ್ಣಿಗೆ ಬಂತು. ಮೀರಾಹುಸೇನ ಥಟ್ಟನೆ ತಲೆ ತಗ್ಗಿಸಿದ.

"ಬಡೀತಲೇ!" ಎಂದು ಗದ್ದೆಪ್ಪನೇ ಕೂಗಿದ.

"ಮೆಟ್ಟಿಲು ಒಡೀರಿ," ಎಂದ ಒಬ್ಬ.

"ನಿಮ್ಮಪ್ಪಂದೇನು ಮೆಟ್ಟಿಲು?" ಎಂದು ಅನ್ವರಿ ಬೇಗಂ ಅವನತ್ತ ತಿರುಗಿದರು. "ನನ್ನ ಮೊಣಕಾಲಿಗಂತ ಅಳದು ಮಾಡ್ಸಿದ್ದು ಅವು. ಮುಟ್ಟಬ್ಯಾಡ್ರಿ!"

"ಮೆಟ್ಟಿಲು ಇರಲಿ. ಕಿಂಡಿನೂ ಒಂದು ಮೊಳ ಸರೀಲಿ," ಎಂದಳು ಚಂದ್ರಕಲಾ. ಮಾಡೆಲನ್ನು ಬುಡಮೇಲು ತಿರುಗಿಸಿ, ಹೊಸ ಜಾಗದಲ್ಲಿ ಬೇರೆ ತೊಲೆ ಅಡ್ಡ ಬರುವುದೋ ಎಂದು ನೋಡಿದಳು. ಬರಲಿಲ್ಲ. ರಾಯಚೂರಿನ ಇಂಜಿನಿಯರರಿಗೆ ಚಿತ್ರ ಕಳಿಸಿದಳು. ಉತ್ತರಕ್ಕಾಗಿ ಇಡೀ ಅಂಗಳ ಕಾಯಿತು. ಫೋನ್ ಬಂತು: ಸರಿಯಿದೆ, ಕಿಂಡಿಯ ಸುತ್ತ ಎರಡೆರಡು ಸರಳು ಹೆಚ್ಚಿಗೆ ಕಟ್ಟಿಸು.

ಮೀರಾಹುಸೇನ ಮಾನ್ವಿಗೆ ಫೋನ್ ಹಚ್ಚಿದ. ಅಲ್ಲಿ ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದ ತಿರುಪತಿ ಎತ್ತಿಕೊಂಡ. "ಮಾಮಾ, ಕಾಂಕ್ರೀಟ್ ಮಿಷನ್ ತಿರುಗಾಕತ್ತದ!"

"ನಿಲ್ಸಲೇ!" ಎಂದು ಏಳೆಂಟು ಕಂಠಗಳು ಒಟ್ಟಿಗೆ ಕೂಗಿದವು. ಆ ಸದ್ದಿಗೆ ಅಂಗಳದ ಮೂಲೆಯಲ್ಲಿ ಕುಳಿತಿದ್ದ ಭಜನೆಯವರ ತಾಳ ತಪ್ಪಿತು.

"ಹಿಂಗಲ್ಲ, ಹೇಳ್ತೀನಿ ಕೊಡು," ಎಂದು ಚಂದ್ರಕಲಾ ಫೋನ್ ಕಸಿದುಕೊಂಡಳು. ಅವಳ ಧ್ವನಿ ಏರಿತ್ತು, ಕಣ್ಣುಗಳು ಹೊಳೆಯುತ್ತಿದ್ದವು. "ಮೂಡಲ ಗ್ವಾಡಿಯಿಂದ ಅಳಿ, ತಿರುಪತಿ. ನಾ ಹೇಳಿಕೋತ ಹೋಗ್ತೀನಿ, ನೀ ಗುರುತು ಹಾಕು."

ಗದ್ದೆಪ್ಪ ಮೆಲ್ಲಗೆ ಬಂದು, ಪರದೆಗೆ ಬಿಸಿಲು ಬೀಳದಂತೆ ತನ್ನ ಟವೆಲನ್ನು ಅಗಲಿಸಿ ಹಿಡಿದು ನಿಂತ.

*

ನಾಲ್ಕು ಗಂಟೆಗೆ ಬೂದೆಪ್ಪನನ್ನು ಕುಣಿಗೆ ಇಳಿಸಿದರು. ಎಲ್ಲರೂ ಮುಷ್ಟಿಯಲ್ಲಿ ಮಣ್ಣು ಹಿಡಿದಿದ್ದಾಗ ಮೀರಾಹುಸೇನನ ಜೇಬಿನಲ್ಲಿ ಫೋನ್ ಮೊಳಗಿತು. ವೀಡಿಯೊ ಕರೆ.

"ತೋರ್ಸು, ಮಾಮಾ," ಎಂದಳು ಚಂದ್ರಕಲಾ.

ಮಾನ್ವಿಯಲ್ಲಿ ಯಾರೋ ಹಿಡಿದ ಫೋನಿನೆದುರು ತಿರುಪತಿ ತಲೆಯ ಮೇಲೆ ಕಾಂಕ್ರೀಟಿನ ಪುಟ್ಟಿ ಹೊತ್ತು ಮೆಟ್ಟಿಲೇರುತ್ತಿದ್ದ. ಐದು, ಆರು, ಏಳು. ಪುಟ್ಟಿ ತೊಲೆಗೆ ತಾಗದೆ ದಾಟಿತು. ಕಿಂಡಿಯಿಂದ ಮೊದಲು ಪುಟ್ಟಿ, ಆಮೇಲೆ ಮುಖ, ಹೆಗಲು, ಸೊಂಟ ಹೊರಬಂದವು. ಅವನು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಸ್ಲ್ಯಾಬಿನ ಸರಳುಗಳ ಮೇಲೆ ನೆಟ್ಟಗೆ ನಿಂತ. ಕುಣಿಯ ಸುತ್ತಲಿದ್ದವರೆಲ್ಲ ಮಣ್ಣು ತುಂಬಿದ ಮುಷ್ಟಿಗಳನ್ನು ಮರೆತು, ಅಂಗೈಯಗಲದ ಆ ಬೆಳಕಿನ ಮೇಲೆ ಬಾಗಿದ್ದರು.