ಒಂಬತ್ತು ಪಿನ್ನಿನ ಪರದೆ

ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ಎಂಬ್ರಾಯ್ಡರಿ ಕಾರ್ಖಾನೆಯ ಕಂಪ್ಯೂಟರಿನ ಕೀಬೋರ್ಡ್ ಕೆಟ್ಟಿತು. ಪರದೆ ಕೆಟ್ಟು ಆಗಲೇ ಮೂರು ವರ್ಷವಾಗಿತ್ತು. ಆ ವಿಷಯ ದೊಡ್ಡಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಕಾರ್ಖಾನೆ ಎಂದರೆ ಎರಡು ಕೋಣೆ. ಮುಂದಿನದರಲ್ಲಿ ದೊಡ್ಡಮ್ಮನ ತಂಗಿಯ ಮಗಳು ಕೂತು ಆರ್ಡರು ಹಿಡಿಯುತ್ತಾಳೆ. ಮೂವತ್ತು ದಾಟಿದರೂ ಎಲ್ಲರಿಗೂ ಅವಳು ಪುಟ್ಟಿ. ಹಿಂದಿನದರಲ್ಲಿ ಸಮವಸ್ತ್ರದ ಬ್ಯಾಡ್ಜು ಹೊಲಿಯುವ ಯಂತ್ರ, ಅದನ್ನು ನಡೆಸುವ ಹಳೆಯ ಕಂಪ್ಯೂಟರು ಮತ್ತು ದೊಡ್ಡಮ್ಮ. ಯಂತ್ರದ ಕಾರ್ಡನ್ನು ಸಿಕ್ಕಿಸುವ ಜಾಗ ಈಗಿನ ಕಂಪ್ಯೂಟರುಗಳಲ್ಲಿಲ್ಲ. ಹಾಗಾಗಿ ಹಳೆಯದೇ ಗತಿ. ಸದ್ದು ಹೊರಗೆ ಬರಬಾರದೆಂದು ಕೆಲಸದ ಹೊತ್ತಿನಲ್ಲಿ ಹಿಂದಿನ ಬಾಗಿಲು ಹಾಕಿರುತ್ತಿತ್ತು.

ಕೀಬೋರ್ಡಿನ ತಂತಿ ನೋಡಲು ಹೋದ ಪುಟ್ಟಿ, ಪರದೆಗೆ ಹೊದಿಸಿದ್ದ ಹೂವಿನ ಬಟ್ಟೆ ಎತ್ತಿದಳು. ಗುಂಡಿ ಒತ್ತಿದಳು. ದೀಪವೂ ಹತ್ತಲಿಲ್ಲ.

"ಇದು ಯಾವಾಗಿಂದ ಹಿಂಗೆ, ದೊಡ್ಡಮ್ಮ?"

"ನಿನ್ನ ಮದುವೆ ವರ್ಷ."

"ಮತ್ತೆ ಹೆಂಗೆ ಕೆಲಸ ಮಾಡ್ತಿದ್ದೆ?"

"ಕಿವಿ ಇಲ್ವಾ ನಂಗೆ?"

ಬೀಪ್ ಕೇಳಿಸಿದರೆ ಎಂಟರ್, ಡಿಸ್ಕು ಕರಕರ ಎಂದು ಸುಮ್ಮನಾದರೆ ಕೆಳಬಾಣ, ಎಲ್ಲ ಬಾಯಿಪಾಠ. ಪರದೆ ಆರಿದ ದಿನ ಮಾತ್ರ ಗಾಬರಿಯಲ್ಲಿ ಕೈಗೆ ಸಿಕ್ಕ ಕೀಲಿಗಳನ್ನೆಲ್ಲ ಒತ್ತಿದ್ದಳಂತೆ. ಆಮೇಲೆ ಯಂತ್ರ ನಿಧಾನವಾಯಿತು. ಅದಕ್ಕೆ ವಯಸ್ಸಾಯಿತೆಂದು ಬಿಟ್ಟಳು. ಮುಗಿಯದೆ ಉಳಿದ ಬ್ಯಾಡ್ಜುಗಳ ಅಂಚನ್ನು ಮನೆಗೆ ಒಯ್ದು ಕೈಯಲ್ಲೇ ಹೊಲಿದಳು. ಹೊಲಿದೂ ಹೊಲಿದೂ ಬಲಗೈ ಮಣಿಕಟ್ಟಿನ ನರ ಹಿಡಿದುಕೊಂಡಿತು. ಶಸ್ತ್ರಚಿಕಿತ್ಸೆಯ ದಿನವನ್ನು ಎರಡು ಸಲ ಮುಂದೂಡಿದ್ದಳು. ಈ ಶುಕ್ರವಾರವೂ ತಪ್ಪಿದರೆ ಹೆಬ್ಬೆರಳು ಸೂಜಿ ಹಿಡಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ತಾನು ಮಲಗಿದರೆ ಯಂತ್ರ ನಡೆಸುವವರು ಯಾರು ಎಂದು ದೊಡ್ಡಮ್ಮ ಯಾವಾಗಲೂ ಕೇಳುತ್ತಿದ್ದಳು. ಅದು ಯಾಕೆಂದು ಪುಟ್ಟಿಗೆ ಈಗ ಅರ್ಥವಾಯಿತು. ಕಾಣದ ಪರದೆಯ ಮುಂದೆ ಬೇರೆಯವರು ಕೂರುವುದು ಹೇಗೆ?

ಹಳೆಯ ಕಂಪ್ಯೂಟರು ಬಿಚ್ಚಿ ಮಾರುವ ಗುಜರಿ ಅಂಗಡಿಯವನನ್ನು ಬೀದಿಯವರೆಲ್ಲ ಪಿನ್ನಪ್ಪ ಎನ್ನುತ್ತಾರೆ. ಗಿರಾಕಿಯ ಮುಖಕ್ಕಿಂತ ಮೊದಲು ಪ್ಲಗ್ಗು ನೋಡುವುದು ಅವನ ಅಭ್ಯಾಸ. ಪುಟ್ಟಿ ಒಯ್ದ ಕೀಬೋರ್ಡಿನ ದಪ್ಪ ದುಂಡು ಪ್ಲಗ್ಗನ್ನು ತಿರುಗಿಸಿ ನೋಡಿ, ಅಟ್ಟದಿಂದ ಅಂಥದೇ ಒಂದನ್ನು ಇಳಿಸಿಕೊಟ್ಟ. ಪ್ಲಗ್ಗು ಸರಾಗವಾಗಿ ಕೂತಿತು. ಕೀಲಿ ಒತ್ತಿದರೆ ಏನೂ ಆಗಲಿಲ್ಲ.

ಮಧ್ಯಾಹ್ನ ಪಿನ್ನಪ್ಪನೇ ಬಂದ. ಕೀಬೋರ್ಡನ್ನು ಬೋರಲು ಹಾಕಿ, ಹೊಟ್ಟೆಯಲ್ಲಿದ್ದ ಪುಟ್ಟ ಸ್ವಿಚ್ಚನ್ನು ಉಗುರಿನಿಂದ ಈಚೆಗೆ ತಳ್ಳಿದ. ಆ ಸ್ವಿಚ್ಚನ್ನು ಇದಕ್ಕಿಂತ ಹೊಸ ಕಾಲದ ಕಂಪ್ಯೂಟರಿಗೆ ಹೊಂದಿಸಿ ಇಟ್ಟಿದ್ದರಂತೆ. ಪ್ಲಗ್ಗು ಒಂದೇ ಆದರೂ ಮಾತು ಬೇರೆಯಂತೆ. ಕಂಪ್ಯೂಟರು ಆರಿಸಿ ಹಾಕಿದಾಗ ಬೀಪ್ ಎಂದಿತು. ದೊಡ್ಡಮ್ಮ ಕೂಡಲೇ ಕುರ್ಚಿ ಎಳೆದುಕೊಂಡಳು.

"ಸಾಕು. ಪರದೆಗೆ ಯಾಕೆ ದುಡ್ಡು ಸುರಿಯೋದು?"

"ಪರದೆಗಲ್ಲ, ನಿನ್ನ ಕೈಗೆ, ದೊಡ್ಡಮ್ಮ," ಎಂದಳು ಪುಟ್ಟಿ.

ಪರದೆ ಹುಡುಕುವುದು ಅಷ್ಟು ಸುಲಭವಾಗಿರಲಿಲ್ಲ. ಮಂಗಳವಾರ ಸಿಕ್ಕಿದ್ದರ ಪ್ಲಗ್ಗಿನಲ್ಲಿ ಪಿನ್ನುಗಳು ಮೂರು ಸಾಲು. ಕಂಪ್ಯೂಟರಿನ ತೂತುಗಳು ಎರಡೇ ಸಾಲು. ಬುಧವಾರದ್ದು ಸರಿಯಾಗಿ ಒಂಬತ್ತು ಪಿನ್ನಿನದು. ಪುಟ್ಟಿ ಸಿಕ್ಕಿಸಲು ಹೋದಾಗ ಪಿನ್ನಪ್ಪ ಪ್ಲಗ್ಗಿಗೆ ಅಂಗೈ ಅಡ್ಡ ಹಿಡಿದ.

"ತಡಿ ತಾಯಿ. ಈ ಪರದೆ ಬಣ್ಣದ್ದು, ಕಂಪ್ಯೂಟರಿನ ಒಳಗಿರೋದು ಒಂದೇ ಬಣ್ಣದ ಕಾರ್ಡು. ಕೂರೋದೇನೋ ಕೂರುತ್ತೆ. ಆಮೇಲೆ ಹೊಗೆ ಬರುತ್ತೆ."

"ನಿಂಗೆ ಗಂಡು ಹುಡುಕಿದ್ದಕ್ಕಿಂತ ಕಷ್ಟ ಆಯ್ತಲ್ಲ ಇದು," ಎಂದಳು ದೊಡ್ಡಮ್ಮ. "ಅದಕ್ಕೆ ಇಷ್ಟು ವಿಚಾರಿಸಿರಲಿಲ್ಲ."

ಪುಟ್ಟಿ ಆ ಪರದೆಯನ್ನು ಬಾಗಿಲಾಚೆ ಇಟ್ಟಳು.

ಗುರುವಾರ ಸಂಜೆ ಪಿನ್ನಪ್ಪ, ಮುಚ್ಚಿಹೋದ ಚಿತ್ರಮಂದಿರವೊಂದರ ಟಿಕೆಟ್ ಕೌಂಟರಿನಲ್ಲಿದ್ದ ಪರದೆಯನ್ನು ತಲೆಯ ಮೇಲೆ ಹೊತ್ತು ತಂದ. ಒಂಬತ್ತು ಪಿನ್ನು, ಒಂದೇ ಬಣ್ಣ. ಹಾಕಿದಾಗ ಗಾಜಿನ ಮೇಲೆ ಕಿತ್ತಳೆ ಅಕ್ಷರಗಳು ಮೂಡಿದವು. ಅವುಗಳ ಹಿಂದೆ ಬಾಲ್ಕನಿ, ಹೌಸ್‌ಫುಲ್ ಎಂಬ ಪದಗಳೂ ಮಸುಕಾಗಿ ಕಾಣುತ್ತಿದ್ದವು. ವರ್ಷಗಟ್ಟಲೆ ಅದನ್ನೇ ತೋರಿಸಿ ಗಾಜು ಸುಟ್ಟಿದೆ, ಕೆಲಸಕ್ಕೇನೂ ತೊಂದರೆಯಿಲ್ಲ ಎಂದು ಪಿನ್ನಪ್ಪ ಹೇಳಿದ.

ದೊಡ್ಡಮ್ಮ ಕಣ್ಣು ಕಿರಿದು ಮಾಡಿ ನೋಡುತ್ತ ಕೀಲಿ ಒತ್ತಿದಳು, ತಪ್ಪಿದಳು, ಮತ್ತೆ ತಪ್ಪಿದಳು. ಕೊನೆಗೆ ಕಣ್ಣು ಮುಚ್ಚಿಕೊಂಡು ಒತ್ತಿದಳು. ಆ ವಾರದ ಆರ್ಡರಾದ ಅಗ್ನಿಶಾಮಕ ದಳದ ಬ್ಯಾಡ್ಜಿನ ಚಿತ್ರ ತೆರೆಯಿತು. ಸೂಜಿಗಳು ಆಡತೊಡಗಿದವು.

ಪರದೆಯ ಕೆಳಗಿನ ಸಾಲನ್ನು ಓದಿದವಳು ಪುಟ್ಟಿ. ವೇಗ: ಅರ್ಧ. ಅವಳು ಆ ಸಾಲನ್ನು ಎರಡನೆಯ ಸಲ ಓದಿದಳು. ದೊಡ್ಡಮ್ಮನ ಮಣಿಕಟ್ಟಿನ ಪಟ್ಟಿಯನ್ನು ನೋಡಿದಳು. ಕೈ ಚಾಚಿ ಪೂರ್ತಿ ವೇಗಕ್ಕೆ ಬದಲಿಸಿದಳು.

ಯಂತ್ರದ ಸದ್ದು ಬದಲಾಯಿತು. ದೊಡ್ಡಮ್ಮ ಕಣ್ಣು ತೆರೆದಳು. ಮೇಜಿನ ಮೇಲಿನ ಕತ್ತರಿ ಕುಣಿಯುತ್ತಿತ್ತು.

"ಇದು ಆಗಿನ ಸದ್ದು," ಎಂದಳು. ಸ್ವಲ್ಪ ಹೊತ್ತು ಕೇಳಿಸಿಕೊಂಡಳು. "ಎಲ್ಲಿತ್ತು?"

ಪುಟ್ಟಿ ಆ ಸಾಲನ್ನು ಬೆರಳಿಟ್ಟು ತೋರಿಸಿದಳು. ದೊಡ್ಡಮ್ಮ ಅದನ್ನು ಓದಿ, ಬಲಗೈಯನ್ನು ಮಡಿಲಲ್ಲಿಟ್ಟುಕೊಂಡಳು. ಪಿನ್ನಪ್ಪ ಬೇರೆ ಕಡೆ ನೋಡುತ್ತ ತಂತಿ ಸುತ್ತತೊಡಗಿದ.

ಬ್ಯಾಡ್ಜು ಮುಗಿದು ಸೂಜಿ ನಿಂತ ಮೇಲೆ ದೊಡ್ಡಮ್ಮ ಎದ್ದು ಪುಟ್ಟಿಗೆ ಕುರ್ಚಿ ಬಿಟ್ಟುಕೊಟ್ಟಳು.

"ನಾಳೆ ಎಷ್ಟೊತ್ತಿಗೆ ಬರಕ್ಕೆ ಹೇಳಿದಾರೆ ಡಾಕ್ಟ್ರು?"

ಶುಕ್ರವಾರ ಬೆಳಗ್ಗೆ ಎಂಟಕ್ಕೆ ಅವಳು ಆಸ್ಪತ್ರೆಗೆ ಸೇರಿದಳು. ಅಗ್ನಿಶಾಮಕ ದಳದ ಬ್ಯಾಡ್ಜುಗಳು ಪುಟ್ಟಿಯ ಕೈಯಲ್ಲಿ ಅಂದು ಮಧ್ಯಾಹ್ನವೇ ಮುಗಿದವು.