ಎರಡರ ಗೆರೆ

ಟೇಪು ಸುಲಭಕ್ಕೆ ಬಿಡಲಿಲ್ಲ. ಮೇಸ್ತ್ರಿ ಹೆಬ್ಬೆರಳಿನ ಉಗುರಿನಿಂದ ಅದರ ತುದಿ ಕೆರೆದ, ಎಣ್ಣೆ ಮೆತ್ತಿದ ಉಗುರು ಜಾರಿತು, ಮತ್ತೆ ಕೆರೆದ. ಆಕ್ಸಿಜನ್ ಮಷಿನ್ನಿನ ತಿರುಪು ಅಲುಗಾಡದಿರಲೆಂದು ನರ್ಸ್ ಅದನ್ನು ಅಡ್ಡಡ್ಡ ಉದ್ದುದ್ದ ಅಂಟಿಸಿ ಹೋಗಿದ್ದಳು. ತಿರುಪಿನ ಮೇಲಿನ ಗಾಜಿನ ಕೊಳವೆಯೊಳಗೆ ಒಂದು ಪುಟ್ಟ ಗುಂಡು ಎರಡು ಎಂಬ ಗೆರೆಯ ಮೇಲೆ ನಡುಗುತ್ತ ನಿಂತಿತ್ತು.

"ಬೇಡ," ಎಂದಳು ಮೂರು ದಿಂಬಿಗೆ ಒರಗಿ ಕೂತಿದ್ದ ಹೆಂಡತಿ. ಮೂಗಿನ ನಳಿಕೆಯಿಂದ ಇನ್ನೊಂದಿಷ್ಟು ಎಳೆದುಕೊಂಡು, "ಅವಳು... ಬೈತಾಳೆ," ಎಂದಳು.

"ಬೈಲಿ ಬಿಡು. ಮೂವತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದೀನಿ. ಗಾಳಿ ಸಾಲ್ದೆ ಬಿಕ್ಕೋ ಗಾಡಿಗೆ ಏನ್ ಮಾಡ್ಬೇಕು ಅಂತ ಅವಳ ಹತ್ರ ಕಲೀಬೇಕಾ ನಾನು?"

ಹೆಂಡತಿ ನಗಲು ಹೋಗಿ ಕೆಮ್ಮಿದಳು. ಗ್ಯಾರೇಜಿಗೆ ಬರುವವರೆಲ್ಲ ಅವಳನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಹತ್ತಿ ಗಿರಣಿಯ ಆ ಗದ್ದಲದಲ್ಲಿ ಇಪ್ಪತ್ತಾರು ವರ್ಷ ನೂಲು ಸುತ್ತಿದ ಹೆಂಗಸು. ಮೆಲ್ಲಗೆ ಮಾತಾಡುವುದೆಂದರೇನೆಂದೇ ಗೊತ್ತಿರಲಿಲ್ಲ. ಗ್ಯಾರೇಜಿನ ಹಿಂದಿನ ಈ ಎರಡು ಕೋಣೆಯಿಂದ ಹೊರಬಂದು ಅವಳು ನೆರೆಮನೆಯ ಜಗಳದ ಸುದ್ದಿ ಎತ್ತಿದಳೆಂದರೆ, ಗಿರಾಕಿಗಳು ಗಾಡಿ ರಿಪೇರಿಯಾದ ಮೇಲೂ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಆ ಹತ್ತಿಯ ಧೂಳೇ ಶ್ವಾಸಕೋಶವನ್ನು ತಿಂದುಹಾಕಿದೆ ಎಂದರು ಡಾಕ್ಟರು. ಇನ್ನು ವಾಸಿಯಾಗುವ ಮಾತಿಲ್ಲ, ಇರುವಷ್ಟು ದಿನ ನರಳದಂತೆ ನೋಡಿಕೊಳ್ಳುವುದಷ್ಟೇ ಎಂದೂ ಅಂದರು. ಹಾಗಾದರೆ ಮತ್ತೆ ಆಸ್ಪತ್ರೆಗೆ ಮಾತ್ರ ಹಾಕಬೇಡಿ ಎಂದು ಅವಳು ಗಂಡನಿಂದ ಮಾತು ತೆಗೆದುಕೊಂಡಿದ್ದಳು. ಈಗ ಎರಡು ಪದಕ್ಕೊಮ್ಮೆ ನಿಲ್ಲುತ್ತಾಳೆ. ಅವಳು ಹಾಗೆ ನಿಂತಾಗಲೆಲ್ಲ ಮೇಸ್ತ್ರಿ ತನಗೆ ಗೊತ್ತಿಲ್ಲದೆಯೇ ಉಸಿರು ಬಿಗಿಹಿಡಿಯುತ್ತಿದ್ದ.

ನರ್ಸ್ ಪ್ರತಿ ಗುರುವಾರ ಬರುವವಳು. ಮುಂದಕ್ಕೆ ಬಾಗಿ ಮೊಣಕೈ ಊರಿ ಕೂರುವುದು, ದೀಪ ಆರಿಸುವವರ ಹಾಗೆ ತುಟಿ ಕೂಡಿಸಿ ಉಸಿರು ಬಿಡುವುದು, ಕಿಟಕಿ ತೆರೆದಿಡುವುದು, ಎಲ್ಲ ಹೇಳಿಕೊಟ್ಟಿದ್ದಳು. ತಿರುಪನ್ನು ತೋರಿಸಿ ಬಿಡಿಸಿ ಬಿಡಿಸಿ ಹೇಳಿದ್ದಳು: "ಎರಡು ದಾಟ್ಬಾರ್ದು. ದಾಟಿದ್ರೆ ನಿದ್ದೆ ಬರುತ್ತೆ. ಆ ನಿದ್ದೆಯಿಂದ ಎಬ್ಬಿಸೋಕೆ ಆಗ್ದೇನೂ ಹೋಗ್ಬಹುದು." ಮೇಸ್ತ್ರಿ ಗೋಣು ಆಡಿಸಿದ್ದ. ಹೆಂಡತಿ ಹನ್ನೊಂದು ದಿನದಿಂದ ಒಂದು ತಾಸೂ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಅವನ ತಲೆಯಲ್ಲಿ ಉಳಿದದ್ದು ನಿದ್ದೆ ಬರುತ್ತೆ ಎಂಬ ಮಾತೊಂದೇ. ಮಿಕ್ಕಿದ್ದನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ, ಪುಣ್ಯಾತ್ಮ.

ಟೇಪು ಕಿತ್ತು ಬಂತು. ಆ ಮಂಗಳವಾರ ಗುಂಡು ಮೂರಕ್ಕೆ ಏರಿತು. ಅರ್ಧ ಗಂಟೆಯಲ್ಲಿ ಹೆಂಡತಿಯ ಭುಜ ಇಳಿಯಿತು, ಕತ್ತಿನ ನರ ಸಡಿಲವಾಯಿತು. "ಹಾಯಾಗಿದೆ ಕಣ್ರೀ," ಎಂದು ಒಂದೇ ಉಸಿರಿಗೆ ಅಂದಳು. ಮೇಸ್ತ್ರಿಯ ಹೊಟ್ಟೆ ತಣ್ಣಗಾಯಿತು. ಸಂಜೆ ನಾಲ್ಕಕ್ಕೆ ಏರಿಸಿದ. ಬುಧವಾರ ಬೆಳಿಗ್ಗೆ ಐದಕ್ಕೆ.

ಬುಧವಾರ ಅವಳು ತಲೆ ಸಿಡಿಯುತ್ತಿದೆ ಎಂದಳು. ಎಷ್ಟೋ ದಿನದ ಮೇಲೆ ನಿದ್ದೆ ಮಾಡಿದರೆ ಹಾಗೇ ಎಂದ ಇವನು. ಅವಳ ಮುಖ ಕೆಂಪೇರಿತ್ತು. ಅದೂ ಅವನ ಕಣ್ಣಿಗೆ ಕಳೆಯಾಗಿಯೇ ಕಂಡಿತು. ಅವಳು ಮತ್ತೆ ಮಂಪರಿಗೆ ಜಾರಿದ ಮೇಲೆ, ಎರಡು ವಾರದಿಂದ ಮುಚ್ಚಿದ್ದ ಗ್ಯಾರೇಜು ತೆರೆದು ಒಂದು ಸ್ಕೂಟರಿನ ಕಾರ್ಬುರೇಟರ್ ಬಿಚ್ಚಿ ಹರಡಿಕೊಂಡು ಕೂತ. ಗೋಡೆಯಾಚೆಯಿಂದ ಕೆಮ್ಮಿಲ್ಲ, ಗೊರಗೊರ ಇಲ್ಲ. ಖುಷಿಗೆ ಒಂದು ಶಿಳ್ಳೆ ಹಾಕುವ ಮನಸ್ಸಾಯಿತು. ಅವಳು ಎಚ್ಚರವಾದಾಳೆಂದು ಹಾಕಲಿಲ್ಲ.

ಮಧ್ಯಾಹ್ನ ಒಳಗೆ ಹೋದಾಗ ಬೆಳಿಗ್ಗೆ ಇಟ್ಟ ಚಹಾ ಕೆನೆ ಕಟ್ಟಿ ಹಾಗೇ ಇತ್ತು. ಅವಳು ಅರೆಗಣ್ಣು ತೆರೆದು, "ಅಪ್ಪಾ, ಗಿರಣಿ ಕೂಗ್ತು," ಎಂದಳು.

"ಅಪ್ಪ ಅಲ್ಲ ಕಣೇ, ನಾನು. ಯಾವ ಸ್ಟೇಷನ್ ಸಿಕ್ಕಿದೆ ಇವತ್ತು ರೇಡಿಯೋಗೆ?"

ಅವಳು ನಗಲಿಲ್ಲ. ಕೈ ಮುಂದೆ ಚಾಚಿ ನೂಲು ಹಿಡಿಯುವವಳಂತೆ ಬೆರಳಾಡಿಸಿದಳು; ಮಣಿಕಟ್ಟು ಮತ್ತೆ ಮತ್ತೆ ಸೋತು ಬೀಳುತ್ತಿತ್ತು, ಏಳುತ್ತಿತ್ತು. ಮೇಸ್ತ್ರಿ ಜೇಬಿನಿಂದ ಫೋನ್ ತೆಗೆದ. ನರ್ಸಿಗೆ ಫೋನ್ ಮಾಡಲೇ ಎಂದುಕೊಂಡ. ಮಾಡಿದರೆ ಟೇಪು ಕಿತ್ತದ್ದು ಹೇಳಬೇಕು. ಹೇಗೂ ನಾಳೆ ಗುರುವಾರ, ಬಂದೇ ಬರುತ್ತಾಳಲ್ಲ ಎಂದು ಫೋನನ್ನು ಜೇಬಿಗೆ ಇಳಿಸಿದ. ಬೀದಿಯ ಸದ್ದಿಗೆ ಹೆಂಡತಿ ಏಳಬಾರದೆಂದು ಕಿಟಕಿಯನ್ನೂ ಮುಚ್ಚಿದ.

ಗುರುವಾರ ಹತ್ತು ಗಂಟೆಗೆ ನರ್ಸ್ ಬಂದಾಗ ಬಾಗಿಲಲ್ಲೇ ತುಟಿಗೆ ಬೆರಳಿಟ್ಟ. "ಮೆತ್ತಗೆ. ಮಲಗಿದಾಳೆ. ನಿನ್ನೆಯಿಂದ ಎದ್ದೇ ಇಲ್ಲ ಅನ್ನಿ, ಅಷ್ಟು ಚೆನ್ನಾಗಿ ನಿದ್ದೆ."

ನರ್ಸ್ ಕೈಚೀಲ ಕೆಳಗಿಡದೆಯೇ ಒಳಗೆ ನುಗ್ಗಿದಳು. ಮೊದಲು ಗುಂಡನ್ನು ನೋಡಿದಳು, ಆಮೇಲೆ ಹೆಂಡತಿಯ ಎದೆಯನ್ನು. ಭುಜ ಹಿಡಿದು ಅಲುಗಿಸಿ, "ಅಕ್ಕಾ, ಅಕ್ಕಾ," ಎಂದು ಕಿವಿಯ ಹತ್ತಿರ ಬಾಗಿ ಕೂಗಿದಳು. ಹೆಂಡತಿಯ ಗಂಟಲಲ್ಲಿ ಏನೋ ಗುರುಗುಟ್ಟಿತು. ಕಣ್ಣು ತೆರೆಯಲಿಲ್ಲ.

"ಐದರಲ್ಲಿ ಯಾವಾಗಿಂದ ಇದೆ?"

"ನಿನ್ನೆ ಬೆಳಿಗ್ಗೆಯಿಂದ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಡಾಕ್ಟರಿಗೆ ಫೋನ್ ಹಚ್ಚಿ, ಹೆಂಡತಿಯ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಸಿಕ್ಕಿಸಿ, ತಿರುಪನ್ನು ತುಸುವೇ ಇಳಿಸಿದಳು. ಒಮ್ಮೆಗೇ ಇಳಿಸಿದರೂ ಅಪಾಯವಂತೆ. ಕಾದಳು, ಮತ್ತೆ ತುಸು.

"ಇವರ ಮೈ ಕಮ್ಮಿ ಗಾಳೀಲೇ ಬದುಕೋಕೆ ಕಲ್ತಿದೆ. ಜಾಸ್ತಿ ಕೊಟ್ರೆ ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗಲ್ಲ, ತುಂಬ್ಕೊಳ್ತಾ ಹೋಗುತ್ತೆ. ಇದು ನಿದ್ದೆ ಅಲ್ಲ ಮೇಸ್ತ್ರಿ. ಮುಳುಗ್ತಾ ಇದಾರೆ."

"ಆಸ್ಪತ್ರೆಗೆ?"

"ಅವರು ಬೇಡ ಅಂದಿದಾರೆ, ನೀವೂ ಒಪ್ಪಿದೀರಿ. ಡಾಕ್ಟರೂ ಇಲ್ಲೇ ನೋಡೋಣ ಅಂತಾರೆ. ಸಂಜೆಯೊಳಗೆ ಎದ್ರೆ ಎದ್ದ ಹಾಗೆ."

ಮೇಸ್ತ್ರಿ ಗೋಡೆಗೆ ಮುಖ ಹಾಕಿ ಅತ್ತ. ಕೈಯಾರೆ, ಕೈಯಾರೆ ಎಂದು ಒಂದೇ ಮಾತು. ನರ್ಸ್ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ, ಅವಳ ಕಣ್ಣು ಕ್ಲಿಪ್ಪಿನ ಅಂಕಿಯ ಮೇಲಿತ್ತು.

ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಹೆಂಡತಿ ಕಣ್ಣು ಬಿಟ್ಟಳು. ಗಂಡನನ್ನು ಗುರುತಿಸಿದಳು. ಮರುಗಳಿಗೆಯೇ ಭುಜ ಮೇಲೇರಿತು, ಕತ್ತಿನ ನರ ಹುರಿಗೊಂಡಿತು, ಆ ಹಳೆಯ ಎಳೆತ ಶುರುವಾಯಿತು. ನರ್ಸ್ ಕಿಟಕಿ ತೆರೆದು, ಅವಳನ್ನು ಮುಂದಕ್ಕೆ ಬಾಗಿಸಿ ತೊಡೆಯ ಮೇಲೆ ದಿಂಬು ಕೊಟ್ಟಳು. ಮೇಸ್ತ್ರಿಗೆ, "ಎದುರಿಗೆ ಕೂತು ನೀವು ನಿಧಾನಕ್ಕೆ ಉಸಿರು ಬಿಡಿ. ನಿಮ್ಮನ್ನ ನೋಡ್ಕೊಂಡು ಅವರು ಬಿಡ್ತಾರೆ," ಎಂದಳು.

"ಅಷ್ಟೇನಾ?"

"ಅಷ್ಟೇ. ಅದೇ ಕಷ್ಟ."

ನಾಲ್ಕು ಗಂಟೆಗೆ ನರ್ಸ್ ಹೊರಟಳು, ಸಂಜೆ ಮತ್ತೆ ಬರುತ್ತೇನೆ ಎಂದು. ಹೊಸ ಟೇಪಿನ ಸುರುಳಿಯನ್ನು ಮೇಸ್ತ್ರಿಯ ಕೈಗೆ ಹಾಕಿ, "ಈ ಸಲ ನಾನು ಅಂಟಿಸಲ್ಲ, ನೀವೇ ಅಂಟಿಸಿ," ಎಂದಳು. ಗುಂಡು ಮತ್ತೆ ಎರಡರ ಗೆರೆಯ ಮೇಲಿತ್ತು. ಅವನು ಅಂಟಿಸಿದ, ಉಗುರಿನಿಂದ ಅಂಚು ಒತ್ತಿ ಒತ್ತಿ.

ಹೆಂಡತಿ ನೋಡುತ್ತಿದ್ದಳು. "ಚೆನ್ನಾಗಿತ್ತು," ಎಂದಳು. ತುಟಿ ಕೂಡಿಸಿ ಉಸಿರು ಬಿಟ್ಟಳು. "ಏನೂ... ಗೊತ್ತಾಗ್ತಿರ್ಲಿಲ್ಲ."

"ಅದು ನಿದ್ದೆ ಅಲ್ವಂತೆ ಕಣೇ. ನಾನು ನಿನ್ನ ಕೊಂದೇಬಿಡ್ತಿದ್ದೆ."

"ಗೊತ್ತು." ಎಷ್ಟೋ ಹೊತ್ತು ಬರೀ ಎಳೆತ. "ಅವಳು... ಹೇಳ್ದಾಗ... ನಾನೂ... ಇದ್ನಲ್ಲ."

ಮೇಸ್ತ್ರಿ ಕೇಳಿಸಿಕೊಳ್ಳದ ಆ ಅರ್ಧ ಮಾತನ್ನು ಅವಳು ಪೂರ್ತಿ ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡೇ ಒಂದು ಸಲ ಬೇಡ ಎಂದಿದ್ದಳು, ಆಮೇಲೆ ಸುಮ್ಮನಾಗಿದ್ದಳು.

"ನಾಳೆ..." ಎಂದಳು. ಉಳಿದದ್ದಕ್ಕೆ ಉಸಿರು ಕೂಡಿಸಿಕೊಳ್ಳಲು ಮೂರು ಸಲ ಎಳೆಯಬೇಕಾಯಿತು. "ನಾಳೆ... ಮತ್ತೆ... ತಿರುಗಿಸ್ತೀರಾ?"

ಅವನು ಸ್ಟೂಲು ಎಳೆದು ಅವಳಿಗೂ ಮಷಿನ್ನಿಗೂ ನಡುವೆ ಹಾಕಿಕೊಂಡು ಕೂತ, ಬಾಯಿ ಸಣ್ಣದು ಮಾಡಿ ನಿಧಾನಕ್ಕೆ ಉಸಿರು ಬಿಟ್ಟ. ಅವಳು ಅವನ ಬಾಯಿ ನೋಡಲಿಲ್ಲ. ಕತ್ತು ಓರೆ ಮಾಡಿ ಅವನ ಭುಜದ ಪಕ್ಕದಿಂದ ಹಿಂದಿನ ತಿರುಪಿನತ್ತ ಇಣುಕಿದಳು. ಅವನು ಸ್ಟೂಲನ್ನು ಇನ್ನೊಂಚೂರು ಆ ಕಡೆಗೆ ಸರಿಸಿಕೊಂಡ.